ಮಂಗಳವಾರ ಹಂಪಕ್ಕ, ಶುಕ್ರವಾರ ಗಾಳೆಮ್ಮ

ಸೆಪ್ಟೆಂಬರ್ 8, 2024, ಭಾನುವಾರ

ಆರಾಧನೆ ಮುಗಿಸಿ ಹೊಸಪೇಟೆಯಿಂದ ಹೊರಡುವಾಗ ಪಾಸ್ಟರ್ ಗೇಟಿನ ಹತ್ತಿರ ಹಿಡಿದರು. ಕಮಲಾಪುರದವರು ನಾಲ್ಕಾರು ಮನೆಯವರಿದ್ದೀರಿ, ವಾರದ ನಡುವೆ ಯಾರಿಗೂ ಇಲ್ಲಿಗೆ ಬರಲು ಆಗುವುದಿಲ್ಲ, ನಿಮ್ಮ ಮನೆಯಲ್ಲೇ ಒಂದು ಪ್ರಾರ್ಥನಾ ಕೂಟ ಶುರು ಮಾಡಿ ಅಂದರು. ನಾನು ಬಸ್ ಕಂಡಕ್ಟರು, ಬೋಧನೆ ಮಾಡುವವಳಲ್ಲ ಅಂದೆ.

"ದಿನಾ ಬಸ್ಸಿನ್ಯಾಗ ಅಷ್ಟು ಮಂದಿನ್ನ ಸಂಭಾಳಿಸ್ತೀರಿ ದಯಾಮಣಿ. ಮನ್ಯಾಗ ನಾಕು ಮಂದಿ ನಿಮಗ್ಯಾವ ಲೆಕ್ಕ?"

ಬಸ್ಸಿನಲ್ಲಿ ಸಂಭಾಳಿಸುವುದೇ ಬೇರೆ. ಅಲ್ಲಿ ಜನ ಇಳಿದು ಹೋಗುತ್ತಾರೆ. ಹಾಗಂತ ಹೇಳಬೇಕಿತ್ತು. ನಿನ್ನೆ ಗಣೇಶನ ಹಬ್ಬದ ರಶ್ಶಿನಲ್ಲಿ ಡಬಲ್ ಡ್ಯೂಟಿ ಮಾಡಿ ಕಾಲು ಹಿಡಿದುಕೊಂಡಿತ್ತು. ವಾದ ಮಾಡುವುದಕ್ಕಿಂತ ಹೂಂ ಅನ್ನುವುದು ಸುಲಭ ಅನ್ನಿಸಿತು. ಹೂಂ ಅಂದೆ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಸಂಡೂರಿನ ಗಣಿಗೆ ವಾಪಸ್ ಹೊರಡಲು ಬಟ್ಟೆ ತುಂಬುತ್ತಿದ್ದರು. ವಾರಕ್ಕೊಂದು ದಿನ ಮನೆಯಲ್ಲಿರುವ ಮನುಷ್ಯ ಏನು ಹೇಳಿಯಾರು? "ನಿನಗ ಒಲ್ಲೆ ಅನ್ನಾಕ ಬರಂಗಿಲ್ಲ ನೋಡು" ಅಂದು ಬ್ಯಾಗಿನ ಜಿಪ್ ಎಳೆದರು.

ಸೆಪ್ಟೆಂಬರ್ 13, ಶುಕ್ರವಾರ

ಮೊದಲ ಕೂಟ. ಕಂಪ್ಲಿ ಟ್ರಿಪ್ ಮುಗಿಸಿ, ಖಾಕಿ ಬಿಚ್ಚಿ, ಸೀರೆ ಉಟ್ಟು, ಚಾಪೆ ಹಾಸುವಷ್ಟರಲ್ಲಿ ಜಂಬುನಾಥಪ್ಪನವರು ಬಂದು ಬಾಗಿಲಲ್ಲಿ ಕೆಮ್ಮಿದರು. ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿದ್ದು ರಿಟೈರಾದವರು. ಪ್ರಾರ್ಥನೆ ಶುರು ಮಾಡಿದರೆ ಯಾರಿಗೂ ನಿಲ್ಲಿಸಲು ಆಗುವುದಿಲ್ಲ.

ಆಮೇಲೆ ಗಾಳೆಮ್ಮ. ಅವಳು ಬರುತ್ತಾಳೆ ಅಂದುಕೊಂಡಿರಲಿಲ್ಲ. ಜನವರಿಯಿಂದ ಅವಳು ಹೊಸಪೇಟೆಯ ಚರ್ಚಿನ ಕಡೆ ತಲೆ ಹಾಕಿಲ್ಲ. ಸೆರಗು ಹೊದ್ದು ಗೋಡೆ ಬದಿಗೆ ಕುಂತಳು.

ಹಾಡು ಶುರು ಮಾಡಿದ್ದೆವು. ಗೇಟ್ ಸದ್ದಾಯಿತು. ಹಂಪಕ್ಕ. ಒಂದು ಕಾಲು ಹೊಸ್ತಿಲ ಒಳಗಿಟ್ಟವಳು ಗಾಳೆಮ್ಮನನ್ನು ನೋಡಿದಳು. ಇಟ್ಟ ಕಾಲು ತೆಗೆದು ಹಾಗೇ ತಿರುಗಿ ಹೋದಳು. ನಾನು ಚಪ್ಪಲಿ ಹಾಕಿಕೊಳ್ಳದೆ ರಸ್ತೆಯವರೆಗೆ ಓಡಿದೆ. ಆಗಲೇ ತಿರುವಿನಲ್ಲಿ ಮರೆಯಾಗಿದ್ದಳು.

ತಪ್ಪು ನನ್ನದೇ. ಇಬ್ಬರಿಗೂ ಕರೆ ಹೇಳಿದ್ದೆ. ಹೋದ ಸಂಕ್ರಾಂತಿ ಮುಗಿದ ಮರುವಾರ ಬುಕ್ಕಸಾಗರದ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿತು. ಲೋಡಿನ ಮೇಲೆ ಕುಂತಿದ್ದು ಬಿದ್ದು ಸತ್ತ ಮಾರೇಶ ಹಂಪಕ್ಕನ ಒಬ್ಬನೇ ಮಗ. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಓಬಳಪ್ಪ, ಗಾಳೆಮ್ಮನ ಗಂಡ. ಕೇಸು ನಡೆದಿದೆ. ಊರಿಗೆಲ್ಲಾ ಗೊತ್ತಿರುವ ಸಂಗತಿ. ದೇವರ ಹೆಸರು ಹೇಳಿ ಕರೆದರೆ ಎಲ್ಲ ತಾನೇ ಸರಿಹೋಗುತ್ತದೆ ಅಂದುಕೊಂಡಿದ್ದೆ, ಹುಚ್ಚಿ.

ಸೆಪ್ಟೆಂಬರ್ 15, ಭಾನುವಾರ

ಹಂಪಕ್ಕನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಕುಂದ್ರಿ ಅಂದಳು, ಮುಖ ಎತ್ತಲಿಲ್ಲ.

"ಆಕಿ ಬರೋ ಮನಿಗೆ ನಾ ಬರಂಗಿಲ್ರಿ ದಯಮ್ಮ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆಕಿ ಉಸಿರು ಬಿಡೋ ಜಾಗದಾಗ ನನಗ ಉಸಿರಾಡಾಕ ಆಗಂಗಿಲ್ಲ, ಅಷ್ಟ."

"ಹಂಗಂದ್ರ ಆಕಿಗೆ ಬರಬ್ಯಾಡ ಅನ್ಲೇನು?"

"ನಾ ಹಂಗ ಅಂದಿಲ್ಲ. ನಾ ಬರಂಗಿಲ್ಲ ಅಂದೆ."

ಗಾಳೆಮ್ಮನಿಗೆ ಹೋಗಲು ಬೇರೆ ಜಾಗ ಇಲ್ಲ. ಹಂಪಕ್ಕನಿಗೆ ಮನೆಯಲ್ಲಿ ಮಾತಾಡಲು ಜನ ಇಲ್ಲ. ನನ್ನ ಬಾಯಿಂದ ತಾನಾಗೇ ಬಂತು: "ನೀವು ಮಂಗಳವಾರ ಬರ್ರಿ. ನಿಮಗ ಬ್ಯಾರೆ ಕೂಟ ಇಡ್ತೀನಿ."

ಹೇಳಿದ ಮೇಲೆ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಂದೆ.

ಅಕ್ಟೋಬರ್ 8, ಮಂಗಳವಾರ

ವಾರಕ್ಕೆರಡು ಕೂಟ. ಅದೇ ಅಧ್ಯಾಯ, ಅದೇ ಹಾಡು, ಅದೇ ಮಾತು. ಮಂಗಳವಾರ ಹೇಳುವಾಗ ಹೊಸದಾಗಿ ಇರುತ್ತದೆ, ಶುಕ್ರವಾರಕ್ಕೆ ತಂಗಳನ್ನ. ಜಂಬುನಾಥಪ್ಪನವರು ಎರಡೂ ದಿನ ಬರುತ್ತಾರೆ. "ಎರಡು ಸಲ ಕೇಳಿದ್ರ ಎರಡು ಪಟ್ಟು ಆಶೀರ್ವಾದ" ಅನ್ನುತ್ತಾರೆ. ಎರಡು ಸಲ ಚಹಾ ಕೂಡ. ಇವತ್ತು ಅವರ ಪ್ರಾರ್ಥನೆಯಲ್ಲಿ ಕಂಪ್ಲಿ ರಸ್ತೆಯ ಗುಂಡಿಗಳು, ಅಳಿಯನ ಸಕ್ಕರೆ ಕಾಯಿಲೆ, ತುಂಗಭದ್ರಾ ಡ್ಯಾಮಿನ ಗೇಟು ಎಲ್ಲಾ ಬಂದುಹೋದವು. ಹಂಪಕ್ಕ ಕಣ್ಣು ಮುಚ್ಚಿ ಕುಂತೇ ಇದ್ದಳು.

ದಸರಾ ಅಂತ ಹಂಪಿ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೆಟ್ ಹರಿದು ಹರಿದು ಹೆಬ್ಬೆರಳು ಒಡೆದಿದೆ. ಗಂಟಲು ಹೋಗಿದೆ. ಹಾಡಲು ಬಾಯಿ ತೆಗೆದರೆ ಗಾಳಿ ಬರುತ್ತದೆ.

ಅಕ್ಟೋಬರ್ 11, ಶುಕ್ರವಾರ

ಆಯುಧ ಪೂಜೆ. ಬಸ್ಸಿಗೆ ಬಾಳೆಕಂಬ ಕಟ್ಟಿದ್ದರು. ಕೂಟ ಆಯಿತು. ಕಾಲು ಊದಿದೆ.

ನವೆಂಬರ್ 5, ಮಂಗಳವಾರ

ಭಾನುವಾರ ಪಾಸ್ಟರ್ ಕೇಳಿದರು, ಎರಡು ಕೂಟ ಯಾಕೆ ಅಂತ. ಹೇಳಿದೆ. ಒಂದು ಮನೆಯಲ್ಲಿ ಎರಡು ಒಲೆ ಹಚ್ಚಬಾರದು, ಕ್ಷಮೆಯ ಪಾಠ ಮಾಡಿ, ಕ್ರಿಸ್‌ಮಸ್ ಹೊತ್ತಿಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಅಂದರು. ಅವರು ಹೇಳಿದ್ದು ತಪ್ಪಲ್ಲ. ಬಸ್ಸಿನಲ್ಲಿ ಬಿಡುವಾದಾಗಲೆಲ್ಲಾ ಪಾಠ ತಯಾರು ಮಾಡಿದೆ. ಎಷ್ಟು ಸಲ ಕ್ಷಮಿಸಬೇಕು ಅಂತ ಶಿಷ್ಯ ಕೇಳುವ ಭಾಗ.

ಇವತ್ತು ಓದಿ, ವಿವರಿಸಲು ಶುರು ಮಾಡಿದ್ದೆ. ಹಂಪಕ್ಕ ಕೈ ಎತ್ತಿದಳು, ಬಸ್ಸು ನಿಲ್ಲಿಸುವವರ ಹಾಗೆ.

"ಎಷ್ಟು ಸಲ ಅಂತ ಲೆಕ್ಕ ಹೇಳಾಕತ್ತೀರಿ. ಸಲ ಸಲ ಕ್ಷಮಿಸಾಕ ನನಗೇನು ಹತ್ತು ಮಕ್ಕಳಿದ್ರೇನು? ಇದ್ದಾಂವ ಒಬ್ಬ."

ಸತ್ಯವೇದ ಮುಚ್ಚಿ ಚಹಾಕ್ಕೆ ಇಟ್ಟೆ.

ನವೆಂಬರ್ 8, ಶುಕ್ರವಾರ

ಇದನ್ನು ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಎಲ್ಲಾದರೂ ಇಳಿಸಬೇಕು.

ಗಾಳೆಮ್ಮ ಯಾವತ್ತೂ ಬಾಯಿ ಬಿಟ್ಟು ಪ್ರಾರ್ಥಿಸಿದವಳಲ್ಲ. ಎಲ್ಲರೂ ಹೋದ ಮೇಲೆ ಲೋಟ ತೊಳೆದಿಟ್ಟು ಹೋಗುತ್ತಾಳೆ, ಬ್ಯಾಡ ಅಂದರೂ ಕೇಳುವುದಿಲ್ಲ. ಇವತ್ತು ಬಚ್ಚಲಲ್ಲಿ ನನಗೆ ಬೆನ್ನು ಹಾಕಿ ಕುಂತೇ ಮಾತಾಡಿದಳು.

"ಅಕ್ಕಾರ, ಮಾರೇಶ ಅವತ್ತು ಜಲ್ದಿ ಹೋಗಲಿಲ್ರಿ."

ಪೊಲೀಸರು, ಆಸ್ಪತ್ರೆಯವರು, ಊರಿನವರು, ಎಲ್ಲರೂ ಹಂಪಕ್ಕನಿಗೆ ಹೇಳಿದ್ದು ಒಂದೇ ಮಾತು. ಬಿದ್ದ ಕೂಡಲೇ ಹೋದ, ಅವನಿಗೆ ಏನೂ ಗೊತ್ತಾಗಲಿಲ್ಲ ಅಂತ. ಹಾಗಲ್ಲವಂತೆ. ಆಂಬುಲೆನ್ಸ್ ಬರುವವರೆಗೂ ಮಾರೇಶ ಮಾತಾಡುತ್ತಿದ್ದನಂತೆ. ಅವನ ತಲೆ ಓಬಳಪ್ಪನ ತೊಡೆಯ ಮೇಲಿತ್ತಂತೆ.

"ಹಂಪಕ್ಕಗ ಹೇಳಬೇಕಂತ ಬಡಕೊಂತಾನ್ರಿ ನನ ಗಂಡ. ವಕೀಲರು ಬ್ಯಾಡ ಅಂದಾರ. ಕೇಸು ಮುಗಿಯೋತನಕ ಆ ಮನಿಯವರ ಕೂಡ ಒಂದು ಮಾತೂ ಆಡಬ್ಯಾಡ, ಆಡಿದ್ರ ನಿನಗ ಉರುಳಾಕೈತಿ ಅಂದಾರ. ಟ್ರ್ಯಾಕ್ಟರ್ ಮುಟ್ಟಿಲ್ಲ ಅವತ್ತಿಂದ. ಗ್ವಾಡಿ ನೋಡ್ಕೋತ ಕುಂದರ್ತಾನ."

"ನನಗ್ಯಾಕ ಹೇಳಿದಿ ಗಾಳೆಮ್ಮ?"

"ಯಾರಿಗರ ಹೇಳಬೇಕಿತ್ರಿ."

ಲೋಟ ಬೋರಲು ಹಾಕಿ ಹೋದಳು. ಅವಳ ಹೆಗಲು ಹಗುರಾಗಿರಬೇಕು. ಅದು ಈಗ ನನ್ನ ಮೇಲಿದೆ.

ನವೆಂಬರ್ 19, ಮಂಗಳವಾರ

ಹಂಪಕ್ಕ ನನ್ನ ಬಸ್ಸಿನಲ್ಲೇ ಬುಕ್ಕಸಾಗರದ ಬಾಳೆ ತೋಟಕ್ಕೆ ಕೂಲಿಗೆ ಹೋಗುತ್ತಾಳೆ. ತಿರುವು ಬಂದಾಗ ಕಣ್ಣು ಮುಚ್ಚುತ್ತಾಳೆ, ದಾಟಿದ ಮೇಲೆ ತೆರೆಯುತ್ತಾಳೆ. ಮೊದಲು ನಾನು ಅದನ್ನು ಗಮನಿಸಿರಲಿಲ್ಲ. ಈಗ ಆ ತಿರುವಿನಲ್ಲಿ ನನಗೂ ಟಿಕೆಟ್ ಮಷಿನ್ ಮೇಲೆ ಕೈ ಓಡುವುದಿಲ್ಲ.

ಸಂಜೆ ಕೂಟದಲ್ಲಿ ಅವಳು ಮೊದಲ ಸಲ ಗಟ್ಟಿಯಾಗಿ ಪ್ರಾರ್ಥಿಸಿದಳು. "ಸ್ವಾಮಿ, ನನ್ನ ಕೂಸಿಗೆ ಸಂಕಟ ಕೊಡದಂಗ ಕರಕೊಂಡಿ. ಅದೊಂದಕ್ಕ ನಿನಗ ಸ್ತೋತ್ರ."

ಜಂಬುನಾಥಪ್ಪನವರು ಆಮೆನ್ ಅಂದರು. ನಾನೂ ಆಮೆನ್ ಅಂದೆ.



ನವೆಂಬರ್ 24, ಭಾನುವಾರ

ನಮ್ಮವರು ಬಂದಿದ್ದರು. ಎಲ್ಲಾ ಹೇಳಿದೆ.

"ಹೇಳಿದ್ರ ಆಕಿ ಸಂಕಟ ಹೆಚ್ಚಾಕೈತಿ. ಹೇಳದಿದ್ರ ನಿನ್ನ ಸಂಕಟ ಹೆಚ್ಚಾಕೈತಿ" ಅಂದರು.

"ಅದು ನನಗೂ ಗೊತ್ತೈತಿ. ಏನು ಮಾಡ್ಲಿ ಹೇಳ್ರಿ."

"ಹೇಳೋದು ನಿನ್ನ ಮಾತಲ್ಲ. ಗಾಳೆಮ್ಮಂದು, ಓಬಳಪ್ಪಂದು. ನೀ ಮೊದಲು ಮೈ ನೋಡ್ಕೋ. ಅರ್ಧ ಆಗೀದಿ."

ಪಾಸ್ಟರ್ ಇವತ್ತು ಮತ್ತೆ ಕೇಳಿದರು, ಇಬ್ಬರೂ ಸೇರಿದರಾ ಅಂತ. ಪ್ರಯತ್ನ ನಡೆದಿದೆ ಅಂದೆ. ಏನೂ ಪ್ರಯತ್ನ ನಡೆದಿಲ್ಲ. ದಿನ ದೂಡುತ್ತಿದ್ದೇನೆ.

ಡಿಸೆಂಬರ್ 4, ಬುಧವಾರ

ಜ್ವರ. ಡ್ಯೂಟಿಗೆ ಹೋದೆ.

ಡಿಸೆಂಬರ್ 5

ಜ್ವರ. ಹೋಗಲಿಲ್ಲ.

ಡಿಸೆಂಬರ್ 9, ಸೋಮವಾರ

ಚಿಕುನ್‌ಗುನ್ಯಾ ಅಂತೆ. ಕೀಲು ಕೀಲಿನಲ್ಲಿ ಮೊಳೆ ಹೊಡೆದ ಹಾಗೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ನಮ್ಮವರು ಎರಡು ದಿನ ರಜೆ ಹಾಕಿ ಇದ್ದು ಇವತ್ತು ಹೋದರು.

ಪಾಸ್ಟರಿಗೆ ಫೋನ್ ಮಾಡಿ ಕೂಟ ನಿಲ್ಲಿಸುತ್ತೇನೆ ಅಂದೆ. ಹುಷಾರಾಗೋವರೆಗೆ ತಾನೇ ಅಂದರು. ಇಲ್ಲ, ಪೂರಾ ಅಂದೆ. ಬೇಜಾರು ಮಾಡಿಕೊಂಡರು. ಜಂಬುನಾಥಪ್ಪನವರಿಗೆ ಎಲ್ಲರಿಗೂ ತಿಳಿಸಲು ಹೇಳಿದೆ. ಫೋನ್ ಇಟ್ಟ ಮೇಲೆ ತಿಂಗಳುಗಳಿಂದ ಬರದಿದ್ದ ನಿದ್ದೆ ಬಂತು.

ಡಿಸೆಂಬರ್ 13, ಶುಕ್ರವಾರ

ಕೈ ನೋಯುತ್ತಿದೆ, ಆದರೂ ಬರೆಯುತ್ತೇನೆ.

ಮಧ್ಯಾಹ್ನ ಮೂರರ ಸುಮಾರಿಗೆ ಗಾಳೆಮ್ಮ ಜೋಳದ ನುಚ್ಚಿನ ಗಂಜಿ ತಂದಳು. ಕೂಟ ಮುಚ್ಚಿದೆ ಅಂದೆ. "ಗಂಜಿ ಕುಡೀರಿ" ಅಂದಳು. ನನ್ನನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ಚಮಚದಿಂದ ಕುಡಿಸುತ್ತಿದ್ದಳು. ಆಗ ಹಂಪಕ್ಕ ಬಂದಳು. ಅವಳ ಕೈಯಲ್ಲೂ ಒಂದು ಡಬ್ಬಿ. ಕೂಟ ನಿಂತ ಮೇಲೆ ಮಂಗಳವಾರ ಯಾವುದು, ಶುಕ್ರವಾರ ಯಾವುದು? ಅವಳಿಗೆ ಹೇಗೆ ಗೊತ್ತಾಗಬೇಕು?

ಹೊಸ್ತಿಲಲ್ಲಿ ನಿಂತಳು. ಗಾಳೆಮ್ಮ ಚಮಚ ಕೆಳಗಿಟ್ಟು ಎದ್ದು ನಿಂತಳು. ಸೆಪ್ಟೆಂಬರಿನಲ್ಲಾದರೆ ನಾನು ಓಡಿ ಹೋಗಿ ನಡುವೆ ನಿಲ್ಲುತ್ತಿದ್ದೆ. ಇವತ್ತು ಮಂಡಿ ಮಡಚಲೂ ಆಗಲಿಲ್ಲ.

"ಹಂಪಕ್ಕ, ನನಗ ಎದ್ದು ಬರಾಕ ಆಗಂಗಿಲ್ಲ" ಅಂದೆ. ಅಷ್ಟೇ ಅಂದದ್ದು.

ಗಾಳೆಮ್ಮ ಸೆರಗು ಸರಿಮಾಡಿಕೊಂಡು, "ನಾ ಹೋಗ್ತೀನ್ರಿ" ಅಂತ ಬಾಗಿಲ ಕಡೆ ನಡೆದಳು. ಬಾಗಿಲು ಸಣ್ಣದು. ಹಂಪಕ್ಕ ಜಾಗ ಬಿಡಲಿಲ್ಲ.

"ನಿನ್ನ ಗಂಡ ಯಾಕ ಬಾಯಿ ಬಿಡವಲ್ಲ?" ಅಂದಳು. ಜನವರಿಯಿಂದ ಅವಳು ಗಾಳೆಮ್ಮನಿಗೆ ಆಡಿದ ಮೊದಲ ಮಾತು. "ಕೋರ್ಟಿನ್ಯಾಗ ನನ್ನ ಮುಂದ ನಿಂತು ನೆಲಾ ನೋಡ್ತಾನ. ಅಲ್ಲಿ ಇದ್ದಾಂವ ಅವನೊಬ್ಬನ. ನನ್ನ ಮಗ ಏನರ ಅಂದ್ನೋ ಇಲ್ಲೋ, ಅವನಿಗೊಬ್ಬನಿಗೆ ಗೊತ್ತು."

ಗಾಳೆಮ್ಮ ತಿರುಗಿ ನನ್ನ ಮುಖ ನೋಡಿದಳು. ಹೇಳು ಅಂತಲೂ ನಾನು ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ನನಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದೆ.

"ಅಂದ್ನಕ್ಕ" ಅಂದಳು ಗಾಳೆಮ್ಮ.

ಹಂಪಕ್ಕನ ಕೈಯಲ್ಲಿದ್ದ ಡಬ್ಬಿ ಕೆಳಗೆ ಇಟ್ಟ ಸದ್ದು ಕೇಳಿತು.

"ನೀರು ಕೇಳಿದ್ನಂತ. ಕುಡಿಸಿದ್ನಂತ ನನ ಗಂಡ. ಬಿಸಿಲು ಕಣ್ಣಿಗೆ ಹೊಡ್ಯಾಕತ್ತೈತಿ ಅಂದ್ನಂತ. ಟವಲ್ ಹಿಡಿದು ನೆಳ್ಳು ಮಾಡಿದ್ನಂತ. ಆಂಬುಲೆನ್ಸ್ ಬರೋತನ ಹಿಡದ ಇದ್ನಂತ, ಕೈ ಸೋತ್ರೂ ಬಿಡಲಿಲ್ಲಂತ."

"ಮತ್ತ?"

"ಫೋನ್ ಮಾಡ್ಲೇನು ನಿಮ್ಮವ್ವಗ ಅಂತ ಕೇಳಿದ್ನಂತ. ಬ್ಯಾಡ ಓಬಳಣ್ಣ, ಅವ್ವ ಗಾಬರಿ ಆಕ್ಕಾಳ ಅಂದ್ನಂತ. ಆಮ್ಯಾಲ ಮಾತಾಡಲಿಲ್ಲಂತಕ್ಕ."

ಕಣ್ಣು ತೆರೆದೆ. ಹಂಪಕ್ಕ ನಿಂತ ಹಾಗೇ ನಿಂತಿದ್ದಳು.

"ತಲಿ ಎಲ್ಲಿತ್ತು?"

"ನನ ಗಂಡನ ತೊಡಿ ಮ್ಯಾಲಕ್ಕ."

ಆಗ ಅವಳು ಕುಂತಳು. ಹೊಸ್ತಿಲ ಮೇಲೇ. ಕಮಲಾಪುರದಲ್ಲಿ ಹೊಸ್ತಿಲ ಮೇಲೆ ಕುಂದರಬಾರದು ಅಂತ ಮಕ್ಕಳಿಗೆ ಹೇಳುವವಳು ಅವಳೇ. ಅಳಲಿಲ್ಲ. ರಸ್ತೆಯಲ್ಲಿ ಯಾರದೋ ಬೈಕ್ ಹೋಯಿತು. ಗಾಳೆಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದಿದ್ದಳು.

"ಅಂದ್ರ ಒಬ್ಬನ ಇರಲಿಲ್ಲ" ಅಂದಳು ಹಂಪಕ್ಕ. ಯಾರಿಗೂ ಹೇಳಿದ್ದಲ್ಲ.

ಆಮೇಲೆ ಎದ್ದಳು. ಅವಳ ಮುಖ ಕೆಂಪಾಗಿತ್ತು. "ಹನ್ನೊಂದು ತಿಂಗಳು" ಅಂದಳು ನಮ್ಮಿಬ್ಬರನ್ನೂ ನೋಡಿ. "ಹನ್ನೊಂದು ತಿಂಗಳು ನನಗ ಸುಳ್ಳು ಹೇಳೀರಿ ಎಲ್ಲಾರೂ ಕೂಡಿ. ದಯಮ್ಮ, ನಿಮಗೂ ಗೊತ್ತಿತ್ತೇನು?"

"ಗೊತ್ತಿತ್ತು. ಒಂದು ತಿಂಗಳಿಂದ."

"ಮತ್ತ ನಾ ಸ್ತೋತ್ರ ಹೇಳುವಾಗ ಆಮೆನ್ ಅಂದ್ರಿ."

ಹೋದಳು. ಡಬ್ಬಿ ಅಲ್ಲೇ ಉಳಿಯಿತು. ಅದರಲ್ಲಿ ಹುರುಳಿ ಕಟ್ಟಿನ ಸಾರು ಇತ್ತು. ಗಾಳೆಮ್ಮ ಬಿಸಿ ಮಾಡಿ ಕೊಟ್ಟಳು.

ಡಿಸೆಂಬರ್ 17, ಮಂಗಳವಾರ

ಯಾರೂ ಬರಲಿಲ್ಲ. ಬರಲಿ ಅಂತ ಹೇಳಿಲ್ಲವಲ್ಲ. ಆದರೂ ಸಂಜೆ ಎರಡು ಸಲ ಗೇಟಿನ ಕಡೆ ನೋಡಿದೆ.

ಡಿಸೆಂಬರ್ 20, ಶುಕ್ರವಾರ

ಗೋಡೆ ಹಿಡಿದು ಹಾಲ್‌ವರೆಗೆ ನಡೆದೆ. ಸಂಜೆ ಜಂಬುನಾಥಪ್ಪನವರು ಬಂದು ತಾವೇ ಚಾಪೆ ಹಾಸಿದರು.

"ಕೂಟ ಮುಚ್ಚೈತಂತ ಊರಿಗೆಲ್ಲಾ ಹೇಳಿದಾಂವ ನಾನ. ನನಗ ಯಾರೂ ಹೇಳಿಲ್ಲಲ್ರಿ" ಅಂದರು.

ಗಾಳೆಮ್ಮ ಬಂದಳು. ಅವಳ ಹಿಂದೆ, ರಸ್ತೆಯ ಆ ಬದಿಯಲ್ಲಿ ಬಹಳ ಹೊತ್ತು ನಿಂತಿದ್ದು, ಹಂಪಕ್ಕ ಬಂದಳು. ಚಾಪೆಯ ಈ ತುದಿಗೆ ಇವಳು, ಆ ತುದಿಗೆ ಅವಳು. ನಡುವೆ ನಾನು ಕುರ್ಚಿಯಲ್ಲಿ, ಕೆಳಗೆ ಕುಂದರಲು ಬಾರದೆ.

ಹಂಪಕ್ಕನಿಗೆ, "ತಪ್ಪಾತು, ಅವತ್ತ ಹೇಳಬೇಕಿತ್ತು" ಅಂದೆ. "ಹೂಂ" ಅಂದಳು. ಅಷ್ಟೇ.

ಓದಲು ನನ್ನಲ್ಲಿ ಏನೂ ತಯಾರಿರಲಿಲ್ಲ. ಜಂಬುನಾಥಪ್ಪನವರು ತಮಗೆ ಬೇಕಾದದ್ದು ಓದಿದರು, ಬಹಳ ಓದಿದರು. ಪ್ರಾರ್ಥನೆಯ ನಡುವೆ ನನಗೆ ನಿದ್ದೆ ಬಂದುಬಿಟ್ಟಿತು. ಎಚ್ಚರಾದಾಗ ನನ್ನ ಮೇಲೆ ಯಾರೋ ಚಾದರ ಹೊದಿಸಿದ್ದರು. ಹಂಪಕ್ಕ ನನ್ನನ್ನು ನೋಡಿ ಹೇಳುತ್ತಿದ್ದಳು:

"ದಯಮ್ಮ, ಆ ಮನಷ್ಯಾ ಊಟ ಮಾಡ್ತಾನೋ ಇಲ್ಲೋ ಕೇಳ್ರಿ."

ಗಾಳೆಮ್ಮ ನನ್ನನ್ನೇ ನೋಡಿ ಹೇಳಿದಳು: "ಒಪ್ಪತ್ತು ಮಾಡ್ತಾನಂತ ಹೇಳ್ರಿ."

"ಎರಡೊಪ್ಪತ್ತು ಮಾಡಂತ ಹೇಳ್ರಿ. ಕೇಸು ನಡೀಲಿ, ಅದು ಬ್ಯಾರೆ. ಕೋರ್ಟಿಗೆ ಬರಾಕ ಮೈಯಾಗ ಕಸುವು ಬೇಕು."

ಇಬ್ಬರ ಮಾತನ್ನೂ ಇಬ್ಬರಿಗೂ ಹೇಳಿದೆ. ಅವರಿಗೆ ಕೇಳಿಸಿತ್ತು, ಆದರೂ ಹೇಳಿದೆ.

ಜನವರಿ 5, 2025, ಭಾನುವಾರ

ಪಾಸ್ಟರ್ ಕೇಳಿದರು, ಕೂಟ ಮತ್ತೆ ಶುರು ಆಯಿತಂತೆ, ಈಗ ಯಾರು ನಡೆಸುತ್ತಿದ್ದಾರೆ ಅಂತ. ಯೋಚಿಸಿದೆ. ಚಾಪೆ ಹಾಸುವುದು ಜಂಬುನಾಥಪ್ಪನವರು, ಹಾಡು ಎತ್ತುವುದು ಹಂಪಕ್ಕ, ಚಹಾ ಗಾಳೆಮ್ಮನದು. "ನಡೀತೈತ್ರಿ" ಅಂದೆ. ಇಬ್ಬರೂ ರಾಜಿ ಆದರಾ ಅಂದರು. ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿಲ್ಲ.

ನಾಳೆಯಿಂದ ಡ್ಯೂಟಿ. ಕೀಲು ನೋವು ಪೂರಾ ಹೋಗಿಲ್ಲ.

ಜನವರಿ 10, ಶುಕ್ರವಾರ

ಹಂಪಕ್ಕ ಇವತ್ತು ಎದ್ದು ಹೋಗುವ ಮುಂಚೆ ನೇರ ಗಾಳೆಮ್ಮನಿಗೇ ಹೇಳಿದಳು, ನನ್ನ ಮೂಲಕ ಅಲ್ಲ: "ಬರೋ ಶುಕ್ರವಾರ ಮಾರೇಶಂದು ವರ್ಷದ ಪ್ರಾರ್ಥನಿ ಇಲ್ಲೇ ಇಡಸ್ತೀನಿ. ಅವನ್ನ ಕರಕೊಂಡು ಬಾ ಅನ್ನಂಗಿಲ್ಲ ನಾ. ಬಂದ್ರ ಬ್ಯಾಡ ಅನ್ನಂಗೂ ಇಲ್ಲ."

ಗಾಳೆಮ್ಮ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದಳು.

ಜನವರಿ 17, ಶುಕ್ರವಾರ

ಕಂಪ್ಲಿ ಟ್ರಿಪ್ ತಡವಾಯಿತು. ಖಾಕಿಯಲ್ಲೇ ಮನೆಗೆ ಬಂದೆ. ಒಳಗೆ ಎಲ್ಲರೂ ಕುಂತು ಹಾಡುತ್ತಿದ್ದರು. ಹಂಪಕ್ಕನ ಅಕ್ಕತಂಗಿಯರು, ತೋಟದ ಹೆಣ್ಣುಮಕ್ಕಳು, ಹಾಲ್ ತುಂಬಿತ್ತು. ಜಾಗವಿಲ್ಲದೆ ಅಡುಗೆಮನೆಯ ಬಾಗಿಲಲ್ಲಿ ಕುಂತೆ. ಯಾವ ಅಧ್ಯಾಯ ಓದಿದರೋ ನೆನಪಿಲ್ಲ. ಮಾರೇಶನಿಗೆ ಕಬ್ಬು ಕಡಿಯುವ ಕೆಲಸಕ್ಕಿಂತ ಕಬಡ್ಡಿ ಮೇಲೆ ಜೀವ ಹೆಚ್ಚು ಅಂತ ಹಂಪಕ್ಕ ಹೇಳಿದಳು. ಒಂದಿಬ್ಬರು ನಕ್ಕರು, ಅವಳೂ ನಕ್ಕಳು, ಆಮೇಲೆ ಅತ್ತಳು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ನಾನೂ ಹೋಗಲಿಲ್ಲ.

ಮುಗಿದ ಮೇಲೆ ಜನ ಹೊರಟರು. ಆಗ ನೋಡಿದೆ, ಹೊರಗೆ ಕಟ್ಟೆಯ ಮೇಲೆ ಓಬಳಪ್ಪ ಕುಂತಿದ್ದ. ಯಾವಾಗ ಬಂದಿದ್ದನೋ. ಒಳಗೆ ಬಂದಿರಲಿಲ್ಲ. ತೆಳ್ಳಗಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ, ಹೊಸ ಅಂಗಿ ಮೈಮೇಲೆ ಜೋತಾಡುತ್ತಿತ್ತು.

ಹಂಪಕ್ಕ ಚಪ್ಪಲಿ ಹುಡುಕುತ್ತಾ ಹೊರಗೆ ಬಂದಳು. ಅವನು ಗಾಬರಿಯಿಂದ ಎದ್ದು ನಿಂತ. ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಎರಡೂ ಕೈ ಅರ್ಧಕ್ಕೆ ನಿಂತವು. ಅವಳು ಅವನ ಕೈಗಳನ್ನು ನೋಡಿದಳು. ಮುಖವನ್ನಲ್ಲ. ನಾನು ಬಾಗಿಲಲ್ಲೇ ಇದ್ದೆ. ನಡುವೆ ಹೋಗಬೇಕು ಅಂತ ನನಗೆ ಅನ್ನಿಸಲಿಲ್ಲ.

"ಕುಂದ್ರು" ಅಂದಳು.

ಚಪ್ಪಲಿ ಮೆಟ್ಟಿ ಹೋದಳು, ಹಿಂತಿರುಗಿ ನೋಡಲಿಲ್ಲ. ಓಬಳಪ್ಪ ನಿಂತೇ ಇದ್ದ, ಅವಳು ರಸ್ತೆ ದಾಟಿದ ಮೇಲೆ ಮೆಲ್ಲಗೆ ಕುಂತ.

ಗಾಳೆಮ್ಮ ಒಳಗೆ ಬಚ್ಚಲಲ್ಲಿ ಲೋಟ ತೊಳೆಯುತ್ತಿದ್ದಳು. ಅವಳಿಗೆ ಇದು ಗೊತ್ತಿಲ್ಲ. ಹೇಳಲು ಒಳಗೆ ಹೋದೆ.